ಮಲೆನಾಡಿನ ಕಾಡುದಾರಿಯಲ್ಲಿ ಮೌಂಟನ್ ಬೈಕ್: ದಣಪೆಯಿಂದ ಬಚ್ಚಲ ಹಂಡೆಯವರೆಗೆ

ಹೊಸ ಎಂಟಿಬಿ (ಮೌಂಟನ್ ಬೈಕ್, ಅಂದರೆ ಗುಡ್ಡಗಾಡಿನ ಸೈಕಲ್) ಕೊಂಡ ಹುಮ್ಮಸ್ಸಿನಲ್ಲಿ ಸಾಗರದ ಪಕ್ಕದ ಊರೊಂದರಿಂದ ಮೊಬೈಲ್ ನಕ್ಷೆ ನೋಡಿಕೊಂಡು ಹೊರಟಿದ್ದೆ. ನಕ್ಷೆಯಲ್ಲಿ ಒಂದು ಬಿಳಿ ಗೆರೆ ಗುಡ್ಡ ಹತ್ತಿ ಆಚೆ ಊರಿಗೆ ಚೆಂದವಾಗಿ ಇಳಿದಿತ್ತು. ದಣಪೆಯ (ಅಡ್ಡ ಗಳು ಸರಿಸಿ ದಾಟುವ ಬೇಲಿಯ ಬಾಗಿಲು) ಪಕ್ಕ ಸೊಪ್ಪಿನ ಹೊರೆ ಇಳಿಸಿ ಕವಳ ಹಾಕುತ್ತ ಕೂತಿದ್ದ ಹಿರಿಯರನ್ನು ಕೇಳಿದೆ, "ಅಜ್ಜಾ, ಈ ದಾರಿ ಆಚೆ ಹೋಗುತ್ತಾ?" ಅವರು ಸೈಕಲ್ ನೋಡಿದರು, ನನ್ನನ್ನು ನೋಡಿದರು. "ದಾರಿ ಹೋಗ್ತದೆ ತಮಾ. ನಿಂಗೆ ಹೋಗಕ್ಕಾಗಲ್ಲ."

ಹೋದೆ. ಎರಡು ಕಿಲೋಮೀಟರ್ ಆದಮೇಲೆ ಹಳ್ಳ ಸಿಕ್ಕಿತು. ಅದರ ಮೇಲಿದ್ದ ಸಂಕ, ಅಂದರೆ ಕಾಲುಸೇತುವೆ, ಯಾವುದೋ ಮಳೆಗಾಲದಲ್ಲಿ ಕೊಚ್ಚಿಹೋಗಿತ್ತು. ವಾಪಸ್ ಬಂದಾಗ ಅಜ್ಜ ಅಲ್ಲೇ ಇದ್ದರು. ನಗಲಿಲ್ಲ, ಅದೇ ಅವರ ದೊಡ್ಡತನ.

ಸೈಕಲ್‌ಗೆಂದೇ ಕಡಿದ ಟ್ರಯಲ್‌ಗಳನ್ನು ಮಲೆನಾಡಿನಲ್ಲಿ ಹುಡುಕಿ ಸುಸ್ತಾಗಬೇಡಿ. ಇಲ್ಲಿ ನಾವು ಓಡಿಸುವುದೆಲ್ಲ ಬೇರೆಯವರ ದಾರಿ. ದನಗಳು ಬ್ಯಾಣಕ್ಕೆ (ಹುಲ್ಲುಗಾವಲಿಗೆ) ಹೋಗುವ ಜಾಡು, ಅಕೇಶಿಯಾ ನಾಟಾ ಸಾಗಿಸಲು ಲಾರಿಗಳು ಮಾಡಿಕೊಂಡ ರಸ್ತೆ, ಮೂರೇ ಮನೆಗಳ ಊರಿಗೆ ಪಂಚಾಯ್ತಿ ಹಾಕಿದ ಕೆಮ್ಮಣ್ಣಿನ ರಸ್ತೆ, ಹೀಗೆ. ಆದ್ದರಿಂದ ಇಲ್ಲಿ ಸೈಕಲ್ ಓಡಿಸುವುದಕ್ಕಿಂತ ಮೊದಲು ಕಲಿಯಬೇಕಾದ್ದು ದಾರಿ ಕೇಳುವುದನ್ನು. ಈ ಬರಹದಲ್ಲಿ ಅದಕ್ಕೇ ಹೆಚ್ಚು ಜಾಗ.

ಹಂತ 1: ಕಾಲ ನೋಡಿಕೊಳ್ಳಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡಿ. ಆಗುಂಬೆ, ಹುಲಿಕಲ್ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆಯಲ್ಲಿ ಮಣ್ಣುದಾರಿ ದಾರಿಯಾಗಿ ಉಳಿಯುವುದಿಲ್ಲ, ಹಳ್ಳವಾಗುತ್ತದೆ. ಒದ್ದೆ ಕೆಮ್ಮಣ್ಣಿನ ಮೇಲೆ ಚಕ್ರ ಕೊರೆದ ಗೆರೆಯಲ್ಲೇ ಮುಂದಿನ ಮಳೆಯ ನೀರು ಹರಿದು ಕೊರಕಲು ಬೀಳುತ್ತದೆ. ಹಾಳಾಗುವುದು ಊರವರ ದಾರಿ.

ಅಕ್ಟೋಬರ್ ಕೊನೆಯ ಹೊತ್ತಿಗೆ ಮಣ್ಣು ಬಿಗಿಯುತ್ತದೆ, ಹಳ್ಳಗಳಲ್ಲಿ ನೀರಿರುತ್ತದೆ, ಗದ್ದೆ ಬಯಲು ಹಸಿರು. ನವೆಂಬರ್ ನನ್ನ ತಿಂಗಳು. ಡಿಸೆಂಬರ್, ಜನವರಿ ಓಡಿಸಲು ಇನ್ನೂ ಸುಖ, ಆದರೆ ಆಗ ಮಂಗನ ಕಾಯಿಲೆಯ ಕಾಲ ಶುರುವಾಗಿರುತ್ತದೆ. ಅದರ ಮಾತು ಮುಂದೆ ಬರುತ್ತದೆ, ದಯವಿಟ್ಟು ಹಾರಿಸಿ ಓದಬೇಡಿ. ಫೆಬ್ರವರಿಯಿಂದ ಕಾಡಿಗೆ ಬೆಂಕಿಯ ಭಯ. ಆಗ ಕಾಡಂಚಿನಲ್ಲಿ ಹೊಸ ಮುಖ ಕಂಡರೆ ಅರಣ್ಯ ಇಲಾಖೆಯ ವಾಚರ್ ನಿಲ್ಲಿಸಿ ವಿಚಾರಿಸುತ್ತಾರೆ, ವಿಚಾರಿಸಲೇಬೇಕು.

ಹಂತ 2: ಯಾರ ಕಾಡು ಅಂತ ತಿಳಿದುಕೊಳ್ಳಿ

ಹೊರಗಿನವರಿಗೆ ಎಲ್ಲವೂ ಒಂದೇ ಕಾಡು. ಕಾನೂನಿಗೆ ಹಾಗಲ್ಲ. ಶೆಟ್ಟಿಹಳ್ಳಿ, ಶರಾವತಿ ಕಣಿವೆ ಅಭಯಾರಣ್ಯಗಳು, ಘಟ್ಟದ ಅಂಚಿನ ಮೂಕಾಂಬಿಕಾ ಮತ್ತು ಸೋಮೇಶ್ವರ, ಆಚೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶ, ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿ ಬರುತ್ತವೆ. ಅವುಗಳ ಮೂಲಕ ಸಾಗುವ ಸಾರ್ವಜನಿಕ ರಸ್ತೆ ಬಿಟ್ಟು ಒಳಗೆ ಚಕ್ರ ಇಳಿಸಿದರೆ ಅಕ್ರಮ ಪ್ರವೇಶ. ಮೀಸಲು ಅರಣ್ಯವೂ ಅಷ್ಟೆ, ಅದಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಇದೆ. ಹೋಗಲೇಬೇಕೆಂದಿದ್ದರೆ ಆ ವಲಯದ ಅರಣ್ಯಾಧಿಕಾರಿಗಳ ಕಚೇರಿಗೆ ಮೊದಲೇ ಹೋಗಿ ಲಿಖಿತ ಅನುಮತಿ ಕೇಳಿ. ಚಾರಣಕ್ಕೆಂದು ಆನ್‌ಲೈನ್‌ನಲ್ಲಿ ತೆಗೆದ ಟಿಕೆಟ್ ನಡೆಯುವವರಿಗೆ. ಅದನ್ನು ತೋರಿಸಿ ಸೈಕಲ್ ನುಗ್ಗಿಸಬಹುದು ಎಂದುಕೊಳ್ಳಬೇಡಿ.

ಉಳಿದದ್ದರಲ್ಲಿ ನಮಗೆ ದಕ್ಕುವುದು ಏನು? ಊರ ರಸ್ತೆಗಳು, ಕಂದಾಯ ಭೂಮಿಯ ಗುಡ್ಡಗಳು, ಖಾಸಗಿ ಬ್ಯಾಣಗಳು. ಸೊಪ್ಪಿನ ಬೆಟ್ಟ ಅಂದರೆ ಅಡಿಕೆ ತೋಟದವರು ಸೊಪ್ಪು, ದರಕು (ಒಣಗಿ ಬಿದ್ದ ಎಲೆ) ತರುವ ಹಕ್ಕಿರುವ ಬೆಟ್ಟ. ಹಕ್ಕು ಅವರದು, ನೆಲ ಸರ್ಕಾರದ್ದು. ಅಲ್ಲಿ ತೋಟದವರನ್ನೂ ಕೇಳಬೇಕು, ಫಾರೆಸ್ಟ್ ಗಾರ್ಡನ್ನೂ ಕೇಳಬೇಕು. ಭದ್ರಾವತಿಯ ಎಂಪಿಎಂ ಕಾಗದ ಕಾರ್ಖಾನೆಗಾಗಿ ಬೆಳೆಸಿದ ಅಕೇಶಿಯಾ ನೆಡುತೋಪುಗಳ ರಸ್ತೆಗಳು ಓಡಿಸಲು ಬಹಳ ಚೆನ್ನ, ಏರಿಳಿತ ಹದ, ಅಗಲ ಸಾಕಷ್ಟು. ಅವೂ ಅರಣ್ಯ ಭೂಮಿಯೇ ಆಗಿರಬಹುದು, ಕೇಳಿಯೇ ಹೋಗಿ.

ಕೊಡಚಾದ್ರಿಯ ಜೀಪ್ ದಾರಿಯ ಆಸೆ ಎಲ್ಲರಿಗೂ ಇದೆ. 1,343 ಮೀಟರ್ ಎತ್ತರ, ಕಲ್ಲುಬಂಡೆಗಳ ಕಡಿದಾದ ಹಾದಿ, ಓದಿದರೇ ತೊಡೆ ಬಿಗಿಯುತ್ತದೆ. ನನ್ನ ಸಲಹೆ: ಅಲ್ಲಿಗೆ ಕಾಲ್ನಡಿಗೆಯಲ್ಲಿ ಹೋಗಿ. ರಜಾದಿನ ಮೇಲಿಂದ ಕೆಳಕ್ಕೆ ಜೀಪುಗಳು ಜಾರುತ್ತ ಬರುವ ದಾರಿಯಲ್ಲಿ ಸೈಕಲ್‌ಗೆ ಸರಿದು ನಿಲ್ಲಲು ಜಾಗವಿಲ್ಲ.

ಹಂತ 3: ಸೈಕಲ್ ಸಿದ್ಧಮಾಡಿ

ಎರಡೂ ಕಡೆ ಸಸ್ಪೆನ್ಷನ್ ಇರುವ ದುಬಾರಿ ಸೈಕಲ್ ಇಲ್ಲಿಗೆ ಬೇಕಿಲ್ಲ. ಮುಂದೆ 100 ಮಿಲಿಮೀಟರ್ ಕುಗ್ಗುವ ಫೋರ್ಕ್, ಡಿಸ್ಕ್ ಬ್ರೇಕ್, ಹಗುರ ಗೇರ್ ಇರುವ ಹಾರ್ಡ್‌ಟೇಲ್ (ಹಿಂದೆ ಸಸ್ಪೆನ್ಷನ್ ಇಲ್ಲದ ಸೈಕಲ್) ಸಾಕು. ಮುಂದಿನ ಹಲ್ಲುಚಕ್ರ 32 ಹಲ್ಲಿನದಾದರೆ ಹಿಂದೆ ದೊಡ್ಡದು ಕನಿಷ್ಠ 46 ಇರಲಿ. ಮಲೆನಾಡಿನ ಏರು ಉದ್ದ ಇರುವುದಿಲ್ಲ, ಆದರೆ ಹೇಳದೆ ಕೇಳದೆ ಎದುರು ಗೋಡೆಯಂತೆ ಎದ್ದು ನಿಲ್ಲುತ್ತದೆ.

ಟೈರಿನ ಅಗಲ 2.2 ಇಂಚಾದರೂ ಇರಲಿ, ಗುಬುಟು ಎತ್ತರದ್ದಾಗಿರಲಿ. ಗಾಳಿ ಎಷ್ಟು ಎನ್ನುವುದರಲ್ಲೇ ಅರ್ಧ ಸವಾರಿ ಇದೆ. ಪಟ್ಟಣದಲ್ಲಿ 45-50 ಪಿಎಸ್‌ಐ ತುಂಬಿಕೊಂಡು ಬಂದವರು ಜಂಬಿಟ್ಟಿಗೆ ಹರಳಿನ ಮೇಲೆ ರಾಗಿ ಕಾಳಿನ ಮೇಲೆ ನಡೆದಂತೆ ಜಾರುತ್ತಾರೆ. ಸುಮಾರು 70 ಕಿಲೋ ತೂಗುವವರು ಟ್ಯೂಬ್ ಇರುವ ಟೈರಿಗೆ 28ರಿಂದ 32, ಟ್ಯೂಬ್‌ಲೆಸ್ ಆದರೆ 22ರಿಂದ 26 ಇಟ್ಟು ನೋಡಲಿ. ಮುಂದಿನ ಚಕ್ರಕ್ಕೆ ಎರಡು ಕಡಿಮೆ. ತೀರ ಇಳಿಸಿದರೆ ಜಂಬಿಟ್ಟಿಗೆಯ ಚೂಪು ಅಂಚಿಗೆ ಬಡಿದು ರಿಮ್ಮಿನ ನಡುವೆ ಟ್ಯೂಬ್ ಸಿಕ್ಕಿ, ಹಾವು ಕಚ್ಚಿದ ಹಾಗೆ ಜೋಡಿ ತೂತು ಬೀಳುತ್ತದೆ.

ಚೀಲದಲ್ಲಿ ಇರಬೇಕಾದ್ದು: ಎರಡು ಟ್ಯೂಬ್, ಪ್ಯಾಚ್, ಪಂಪ್, ಚೈನ್ ಕತ್ತರಿಸುವ ಕೀಲಿ ಇರುವ ಟೂಲ್, ಚೈನ್ ಜೋಡಿಸುವ ಕ್ವಿಕ್ ಲಿಂಕ್, ಹತ್ತಿ ಬಟ್ಟೆಯ ತುಂಡು, ಹೆಡ್‌ಲೈಟ್, ಎರಡೂವರೆ ಲೀಟರ್ ನೀರು. ಇದರ ಜೊತೆ ನಿಮ್ಮ ಸೈಕಲ್‌ಗೆ ಹೊಂದುವ ಡಿರೇಲರ್ ಹ್ಯಾಂಗರ್ (ಗೇರ್ ಬದಲಿಸಲು ಚೈನ್ ಸರಿಸುವ ಡಿರೇಲರನ್ನು ಚೌಕಟ್ಟಿಗೆ ಹಿಡಿದಿಡುವ ಕೊಕ್ಕೆ) ಒಂದನ್ನು ಇಟ್ಟುಕೊಳ್ಳಿ. ಹೆಬ್ಬೆರಳಿನಷ್ಟು ಗಾತ್ರದ ಈ ಅಲ್ಯೂಮಿನಿಯಂ ತುಂಡು ಒಂದೊಂದು ಸೈಕಲ್‌ಗೆ ಒಂದೊಂದು ಆಕಾರ. ಒಮ್ಮೆ ದರಕಿನಡಿ ಅಡಗಿದ್ದ ಒಣಕೋಲೊಂದು ಹಿಂದಿನ ಚಕ್ರಕ್ಕೆ ಸಿಕ್ಕಿ, ಕಣ್ಣು ಮಿಟುಕಿಸುವಷ್ಟರಲ್ಲಿ ಡಿರೇಲರ್ ತಿರುಚಿಕೊಂಡು ಹ್ಯಾಂಗರ್ ಪಟ್ಟೆಂದು ಮುರಿಯಿತು. ಏಳು ಕಿಲೋಮೀಟರ್ ತಳ್ಳಿಕೊಂಡು ಬಂದೆ. ಹಾಗೆ ಮುರಿದರೆ ಮಾಡಬೇಕಾದ್ದು ಇಷ್ಟೆ: ಡಿರೇಲರ್ ಬಿಚ್ಚಿ, ಚೈನನ್ನು ತುಂಡು ಮಾಡಿ ಗಿಡ್ಡ ಮಾಡಿಕೊಂಡು, ಹಿಂದಿನ ನಡುವಿನ ಒಂದು ಹಲ್ಲುಚಕ್ರಕ್ಕೆ ನೇರವಾಗಿ ಬಿಗಿದು ಕ್ವಿಕ್ ಲಿಂಕ್ ಹಾಕುವುದು. ಒಂದೇ ಗೇರಿನ ಸೈಕಲ್ ಆಗುತ್ತದೆ, ಮನೆ ಮುಟ್ಟಿಸುತ್ತದೆ. ಅವತ್ತು ನನಗೆ ಇದು ಗೊತ್ತಿತ್ತು. ಟೂಲ್ ಮನೆಯಲ್ಲಿತ್ತು.

ಹಂತ 4: ದಾರಿ ಕೇಳಿ

ನಕ್ಷೆ ಬೇಡ ಎನ್ನುತ್ತಿಲ್ಲ. ನೆಟ್‌ವರ್ಕ್ ಇಲ್ಲದಲ್ಲೂ ತೆರೆಯುವ ನಕ್ಷೆಯನ್ನು ಹಿಂದಿನ ರಾತ್ರಿಯೇ ಮೊಬೈಲಿಗೆ ಇಳಿಸಿಕೊಳ್ಳಿ. ಆದರೆ ಉಪಗ್ರಹದ ಚಿತ್ರಕ್ಕೆ ಕಾಣುವುದು ಮರಗಳ ತಲೆ ಮಾತ್ರ. ಕೆಳಗೆ ದಾರಿ ಇದೆಯೋ, ದಾರಿಗೆ ಅಡ್ಡ ಯಾರೋ ಅಗಳ (ಕಂದಕ) ಹೊಡೆಸಿದ್ದಾರೋ ಅದಕ್ಕೆ ಗೊತ್ತಿಲ್ಲ. ಆರಡಿ ಆಳದ ಅಗಳದ ಅಂಚಿನಲ್ಲಿ ಹುಲ್ಲು ಬೆಳೆದು ಮುಚ್ಚಿರುತ್ತದೆ. ಇಳಿಜಾರಿನಲ್ಲಿ ಬಂದು ಅದರೊಳಗೆ ಬಿದ್ದವರನ್ನು ಎತ್ತಿ ತಂದಿದ್ದೇನೆ.

ಕೇಳುವುದಕ್ಕೆ ಒಳ್ಳೆಯ ಜಾಗ ಬೆಳಗಿನ ಎಂಟರ ಹೊತ್ತಿನ ಹಾಲಿನ ಡೈರಿ. ಸುತ್ತಲ ಮನೆಗಳವರೆಲ್ಲ ಕ್ಯಾನ್ ಹಿಡಿದು ಬಂದಿರುತ್ತಾರೆ. ಆದರೆ "ಈ ದಾರಿ ಇಂಥ ಊರಿಗೆ ಹೋಗುತ್ತಾ?" ಎಂದು ಕೇಳಬೇಡಿ. ಮಲೆನಾಡಿನವರಿಗೆ ಇಲ್ಲ ಎನ್ನುವುದು ಕಷ್ಟ. "ಹೋಗ್ತದೆ" ಅಂದುಬಿಡುತ್ತಾರೆ, ಅವರ ಅಜ್ಜನ ಕಾಲದಲ್ಲಿ ಹೋಗುತ್ತಿತ್ತು ಎಂಬರ್ಥದಲ್ಲಿ. ಹೀಗೆ ಕೇಳಿ: "ಈ ವರ್ಷ ಮಳೆ ಮುಗಿದಮೇಲೆ ಬೈಕಲ್ಲಿ ಯಾರಾದ್ರೂ ಹೋದ್ರಾ?" "ಕೊನೇ ಮನೆ ಯಾರದು?" "ಹಳ್ಳಕ್ಕೆ ಸಂಕ ಇದ್ಯಾ?" "ಕಾಟಿ ಎಲ್ಲಿ ಮೇಯ್ತಾವೆ?" (ಕಾಟಿ ಅಂದರೆ ಕಾಡುಕೋಣ.) ದೂರ ಕೇಳುವಾಗ ಕಿಲೋಮೀಟರ್ ಬಿಡಿ, ನಡೆದರೆ ಎಷ್ಟು ಹೊತ್ತು ಅಂತ ಕೇಳಿ. "ಇಲ್ಲೇ, ಒಂದು ಕೂಗಳತೆ" ಎಂದರೆ ನಂಬಿ ಹೋದ ನನಗೆ ಒಮ್ಮೆ ಅರ್ಧ ದಿನ ಬೇಕಾಗಿತ್ತು. ಕೂಗುವವರ ಗಂಟಲು ಗಟ್ಟಿ ಇರಬೇಕು.

ಕೊನೇ ಮನೆಯ ವಿಷಯ ಮುಖ್ಯ. ಕಾಡು ಶುರುವಾಗುವ ಮೊದಲಿನ ಆ ಮನೆಯಂಗಳದಲ್ಲಿ ಇಳಿದು, ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಹೇಳಿ. ಒಂದು ಚೆಂಬು ನೀರು, ಬೆಲ್ಲದ ತುಂಡು ಬಂದೇ ಬರುತ್ತದೆ, ಬೇಡ ಎನ್ನಬೇಡಿ. ಮುಂದೆ ಫೋನ್ ಸಿಗ್ನಲ್ ಇರುವುದಿಲ್ಲ, ನೀವು ಬರಲಿಲ್ಲ ಎಂದು ಗೊತ್ತಾಗುವುದು ಅವರಿಗೆ ಮಾತ್ರ. ವಾಪಸ್ ಬೇರೆ ದಾರಿಯಲ್ಲಿ ಬಂದರೆ ಸಿಗ್ನಲ್ ಸಿಕ್ಕಲ್ಲಿ ಅವರಿಗೊಂದು ಫೋನ್ ಮಾಡಿ. ಇಲ್ಲದಿದ್ದರೆ ಬ್ಯಾಟರಿ ಹಿಡಿದು ನಿಮ್ಮನ್ನು ಹುಡುಕಲು ಹೊರಡುತ್ತಾರೆ. ಹೊರಟಿದ್ದಾರೆ.

ಅಂಗಳದ ನಾಯಿ ಬೊಗಳಿಕೊಂಡು ಬಂದರೆ ತುಳಿದು ಓಡಬೇಡಿ. ಇಳಿದು, ನಾಯಿಗೂ ನಿಮಗೂ ನಡುವೆ ಸೈಕಲ್ ಹಿಡಿದು, ಮನೆಯವರನ್ನು ಕೂಗಿ. ದಣಪೆಯ ಗಳು ಸರಿಸಿದರೆ ದಾಟಿದಮೇಲೆ ಮೊದಲಿದ್ದ ಹಾಗೇ, ಮೊದಲಿದ್ದ ತೂತಿಗೇ ಹಾಕಿ. ತೀರ್ಥಹಳ್ಳಿ ಕಡೆ ಇದನ್ನೇ ಉಣುಗೋಲು ಎನ್ನುತ್ತಾರೆ. ಯಾವ ಹೆಸರಿನದಾದರೂ ತೆರೆದಿಟ್ಟು ಹೋದರೆ ಸಂಜೆಯೊಳಗೆ ದನ ಗದ್ದೆಗೆ ನುಗ್ಗುತ್ತದೆ, ಆಮೇಲೆ ಆ ದಾರಿ ಯಾವ ಸೈಕಲ್‌ನವರಿಗೂ ಸಿಗುವುದಿಲ್ಲ.

ಹಂತ 5: ಓಡಿಸುವುದು

ಏರಿನಲ್ಲಿ ಎದ್ದು ನಿಂತು ತುಳಿಯಬೇಡಿ. ಸಡಿಲ ಹರಳಿನ ಮೇಲೆ ಹಿಂದಿನ ಚಕ್ರ ಗಿರ್ರನೆ ಸುತ್ತಿ ನಿಂತುಬಿಡುತ್ತದೆ. ಸೀಟಿನ ಮೂತಿಯ ಕಡೆಗೆ ಜರುಗಿ, ಮೊಣಕೈ ಬಗ್ಗಿಸಿ, ಎದೆ ಹ್ಯಾಂಡಲ್ ಹತ್ತಿರ ತಂದು, ಹಗುರ ಗೇರಿನಲ್ಲಿ ಒಂದೇ ಲಯದಲ್ಲಿ ತುಳಿಯಿರಿ. ಗೇರ್ ಬದಲಾಯಿಸುವುದು ಏರು ಶುರುವಾಗುವ ಮೊದಲು, ನಡುವೆ ಅಲ್ಲ.

ಇಳಿಜಾರಿನಲ್ಲಿ ಪೆಡಲ್ ಎರಡೂ ನೆಲಕ್ಕೆ ಸಮ, ಕುಂಡಿ ಸೀಟಿನಿಂದ ಮೇಲೆ, ಮಂಡಿ ಸಡಿಲ. ಬ್ರೇಕ್ ಮೇಲೆ ಒಂದೇ ಬೆರಳು, ಎರಡೂ ಬ್ರೇಕ್ ಒಟ್ಟಿಗೆ. ತಿರುವಿಗೆ ಮೊದಲು ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಬಿಡಿ. ಕಣ್ಣು ಮುಂದಿನ ಚಕ್ರದ ಮೇಲಲ್ಲ, ಹತ್ತು ಮಾರು ಮುಂದೆ. ಎಲ್ಲರೂ ಹೇಳುವ ಮಾತೇ ಇದು. ನಮ್ಮ ನೆಲಕ್ಕೆ ಮಾತ್ರ ಸೇರುವ ಕೆಲವು ಬೇರೆ ಇವೆ.

ಅಕೇಶಿಯಾ ಎಲೆ. ಕುಡುಗೋಲಿನಂತೆ ಬಾಗಿದ, ಒಣಗಿದರೆ ಹಪ್ಪಳದಂತೆ ಗರಿಯಾಗುವ ಈ ಎಲೆ ದಾರಿ ಮೇಲೆ ನಾಲ್ಕು ಬೆರಳು ದಪ್ಪ ಬಿದ್ದಿರುತ್ತದೆ. ಒಂದರ ಮೇಲೊಂದು ಎಣ್ಣೆ ಸವರಿದಂತೆ ಜಾರುವುದರಿಂದ ಟೈರಿನ ಗುಬುಟು ಮಣ್ಣಿಗೆ ಮುಟ್ಟುವುದೇ ಇಲ್ಲ. ಅದರ ಮೇಲೆ ಮುಂದಿನ ಬ್ರೇಕ್ ಮುಟ್ಟಲೇಬೇಡಿ, ಸೈಕಲ್ ವಾಲಿಸಬೇಡಿ, ನೇರ ಹೋಗಿ. ತಿರುವಿನಲ್ಲೇ ಎಲೆ ಕವಿದಿದ್ದರೆ ಇಳಿದು ನಡೆಯಿರಿ. ನನ್ನ ಎಡ ಮೊಣಕೈ ಮೇಲಿನ ಗಾಯದ ಗುರುತು ಇಂಥದೇ ಒಂದು ತಿರುವಿನದು.

ಕಾನಿನೊಳಗೆ (ದಟ್ಟ ನಿತ್ಯಹಸಿರು ಕಾಡು) ದಾರಿಗೆ ಅಡ್ಡ ಹಾಯ್ದ ಬೇರುಗಳು ಇಬ್ಬನಿಗೆ ಹತ್ತು ಗಂಟೆವರೆಗೂ ಒದ್ದೆಯಾಗಿರುತ್ತವೆ. ಅವನ್ನು ಓರೆಯಾಗಿ ಹತ್ತಿದರೆ ಚಕ್ರ ಬೇರಿನುದ್ದಕ್ಕೂ ಜಾರುತ್ತದೆ, ನೇರ ಎದುರಾಗಿ ದಾಟಿ. ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ) ಸಂಕದ ಮೇಲೆ ಶೂರತ್ವ ಬೇಡ, ಸೈಕಲ್ ಹೆಗಲಿಗೆ. ಹಾವಸೆ (ಪಾಚಿ) ಕಟ್ಟಿದ ಸಿಮೆಂಟ್ ರಸ್ತೆ ಇವೆಲ್ಲಕ್ಕಿಂತ ಮೋಸ, ಮಣ್ಣು ಮುಗಿದು ಕಾಂಕ್ರೀಟ್ ಬಂತೆಂದು ಉಸಿರು ಬಿಟ್ಟವರೇ ಅಲ್ಲಿ ಬೀಳುವುದು.

ಲೆಕ್ಕ ಹೀಗಿಟ್ಟುಕೊಳ್ಳಿ: ಕಾಡುದಾರಿಯಲ್ಲಿ ಗಂಟೆಗೆ 8 ಕಿಲೋಮೀಟರ್, ತಳ್ಳುವ ಕಡೆ 3. ಡಿಸೆಂಬರಿನಲ್ಲಿ ಬಯಲಲ್ಲಿ ಆರೂವರೆಗೆ ಕತ್ತಲಾದರೆ ಎರಡು ದರೆಗಳ (ಕಡಿದಾದ ಮಣ್ಣಿನ ದಡ) ನಡುವಿನ ಕಾಡುದಾರಿಯಲ್ಲಿ ಐದೂವರೆಗೇ ಆಗಿರುತ್ತದೆ. ಮೂರರ ಹೊತ್ತಿಗೆ ಮುಖ ಊರಿನ ಕಡೆ ತಿರುಗಿರಲಿ.

ಹಂತ 6: ಉಣುಗು, ಉಂಬಳ, ಕಾಟಿ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಗುರುತಿಸಿದ ರೋಗ ಇದು. ಜಗತ್ತಿನ ವೈದ್ಯ ಪುಸ್ತಕಗಳಲ್ಲಿ ನಮ್ಮ ಜಿಲ್ಲೆಯ ಕಾಡಿನ ಹೆಸರಲ್ಲೇ ಇದೆ, ನಾವು ಮಂಗನ ಕಾಯಿಲೆ ಅನ್ನುತ್ತೇವೆ. ಹರಡುವುದು ಉಣುಗಿನಿಂದ (ಉಣ್ಣೆ ಹುಳ). ಡಿಸೆಂಬರ್‌ನಿಂದ ಮೇವರೆಗೆ, ಗಸಗಸೆಯಷ್ಟು ಸಣ್ಣ ಮರಿ ಉಣುಗು ದರಕಿನ ಮೇಲೆ, ಹುಲ್ಲಿನ ತುದಿಯಲ್ಲಿ ಕಾದಿರುತ್ತದೆ. 2019ರ ಆಸುಪಾಸಿನಲ್ಲಿ ಸಾಗರದ ಅರಳಗೋಡು ಕಡೆ ಇದರಿಂದಾದ ಸಾವುಗಳನ್ನು ಇಲ್ಲಿ ಯಾರೂ ಮರೆತಿಲ್ಲ.

ಆದ್ದರಿಂದ ಆ ತಿಂಗಳುಗಳಲ್ಲಿ ಹೊರಡುವ ಮೊದಲು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಆಶಾ ಕಾರ್ಯಕರ್ತೆಯರಲ್ಲೋ ಕೇಳಿ. ಮಂಗ ಸತ್ತ ಸುದ್ದಿ ಇರುವ ಊರಿನ ಕಾಡಿಗೆ ಆ ವರ್ಷ ಹೋಗಬೇಡಿ. ಉದ್ದ ಪ್ಯಾಂಟ್, ಅದರ ಮೇಲೆ ಎಳೆದ ಕಾಲುಚೀಲ, ತಿಳಿಬಣ್ಣದ ಉದ್ದ ತೋಳಿನ ಅಂಗಿ. ಆರೋಗ್ಯ ಇಲಾಖೆಯವರು ಕಾಡಿಗೆ ಹೋಗುವವರಿಗೆ ಕೊಡುವ ಡೇಪಾ ಎಣ್ಣೆ ಸಿಕ್ಕರೆ ಕೈಕಾಲಿಗೆ ಹಚ್ಚಿ. ದಣಿವಾದರೆ ದರಕಿನ ಮೇಲೆ ಮಲಗುವುದು ಬೇಡ, ಬರಿಬಂಡೆ ಹುಡುಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಜಾಗ ನೆನಪಿಟ್ಟುಕೊಂಡು ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಉಂಬಳಕ್ಕೆ (ಜಿಗಣೆ) ಇಷ್ಟು ಭಯ ಬೇಡ. ಓಡುವ ಸೈಕಲ್‌ಗೆ ಉಂಬಳ ಹತ್ತುವುದಿಲ್ಲ, ಪಂಕ್ಚರ್ ಹಾಕಲು ಕೂತವರಿಗೆ ಹತ್ತುತ್ತದೆ. ಹಾಗಾಗಿ ಗಾಳಿ ಹೋದ ಕೂಡಲೇ ಅಲ್ಲೇ ಕುಕ್ಕರಿಸಬೇಡಿ. ಬಿಸಿಲು ಬಿದ್ದ ಕಲ್ಲುಹಾಸು ಸಿಗುವವರೆಗೆ ತಳ್ಳಿ. ಅಲ್ಲಿ ಟೈರ್ ಕಳಚಿ, ಹತ್ತಿ ಬಟ್ಟೆಯನ್ನು ಟೈರಿನ ಒಳಮೈ ಮೇಲೆ ನಿಧಾನ ಸವರಿ. ಬಿದಿರು ಮುಳ್ಳಿನ ತುದಿ ಕಣ್ಣಿಗೆ ಕಾಣುವುದಿಲ್ಲ, ಬಟ್ಟೆಯ ಎಳೆ ಸಿಕ್ಕಿಕೊಂಡಾಗ ಗೊತ್ತಾಗುತ್ತದೆ. ಅದನ್ನು ಕೀಳದೆ ಹೊಸ ಟ್ಯೂಬ್ ಹಾಕಿದರೆ ನೂರು ಮಾರಿಗೆ ಮತ್ತೆ ಪುಸ್. ಹತ್ತಿದ ಉಂಬಳಕ್ಕೆ ಸುಣ್ಣವೋ ಉಪ್ಪೋ ಮುಟ್ಟಿಸಿದರೆ ಬಿಡುತ್ತದೆ.

ಕಾಟಿಯ ವಿಷಯದಲ್ಲಿ ಸೈಕಲ್‌ನ ದೊಡ್ಡ ದೋಷ ಅದರ ಮೌನ. ಬೈಕ್ ಬಂದರೆ ಅರ್ಧ ಮೈಲಿ ದೂರದಿಂದಲೇ ಅದು ಸರಿದುಹೋಗುತ್ತದೆ. ನಾವು ತಿರುವಿನಲ್ಲಿ ಅದರ ಮೂತಿಗೇ ಹೋಗಿ ನಿಲ್ಲುತ್ತೇವೆ. ಕಾಣದ ತಿರುವುಗಳಲ್ಲಿ ಬೆಲ್ ಬಾರಿಸಿ, ಮಾತಾಡುತ್ತ ಹೋಗಿ. ಎದುರಾದರೆ ನಿಂತು, ಹಿಂದೆ ಸರಿದು, ಅದಕ್ಕೆ ದಾರಿ ಬಿಡಿ. ಫೋಟೊ ಆಮೇಲೆ. ಆನೆಯ ಸುದ್ದಿ ಇರುವ ಕಡೆ ಸೈಕಲ್ ಕೆಲಸವೇ ಇಲ್ಲ. ಹಾವು ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿದು ಕಟ್ಟುವುದು ಬೇಡ. ಕಚ್ಚಿದ ಕೈಕಾಲು ಅಲುಗಿಸದೆ ತಾಲ್ಲೂಕು ಆಸ್ಪತ್ರೆಗೆ ಸಾಗಿಸಿ, ಸಿಗ್ನಲ್ ಇದ್ದಲ್ಲಿ 108ಕ್ಕೆ ಕರೆ ಮಾಡಿ. ಒಬ್ಬರೇ ಹೋಗಬಾರದು ಎನ್ನುವುದು ಇದಕ್ಕೇ. ಮೂವರು ಸರಿ: ಒಬ್ಬರು ಬಿದ್ದವರ ಜೊತೆ, ಒಬ್ಬರು ಕೊನೇ ಮನೆಗೆ.

ಹಂತ 7: ಮೊದಲ ಮೂರು ಸವಾರಿ

ಬೆಂಗಳೂರಿನವರು ರಾತ್ರಿಯ ತಾಳಗುಪ್ಪ ರೈಲು ಹತ್ತಿದರೆ ಬೆಳಿಗ್ಗೆ ಸಾಗರ. ಸೈಕಲ್ ಅನ್ನು ಲಗೇಜ್ ವ್ಯಾನಿಗೆ ಬುಕ್ ಮಾಡಿ, ಪೆಡಲ್ ಬಿಚ್ಚಿ, ಡಿರೇಲರ್‌ಗೆ ಗೋಣಿ ಸುತ್ತಿ.

ಮೊದಲ ದಿನ ಸಾಗರದಿಂದ ಇಕ್ಕೇರಿ, ಸುಮಾರು 6 ಕಿಲೋಮೀಟರ್. ಕೆಳದಿ ಅರಸರ ಕಾಲದ ಅಘೋರೇಶ್ವರ ದೇವಸ್ಥಾನ ನೋಡಿ, ವರದಾ ನದಿ ಹುಟ್ಟುವ ವರದಾಮೂಲದ ಕಡೆ ತಿರುಗಿ. ಡಾಂಬರು, ಮಣ್ಣು ಎರಡೂ ಬೆರೆತ ಊರ ರಸ್ತೆಗಳು. ಗೇರ್, ಗಾಳಿ, ಸೀಟಿನ ಎತ್ತರ ಸರಿಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಎರಡನೆಯದು ಕುಂದಾದ್ರಿ. ತೀರ್ಥಹಳ್ಳಿ–ಆಗುಂಬೆ ರಸ್ತೆಯ ಗುಡ್ಡೇಕೇರಿ ಕಡೆಯಿಂದ. 826 ಮೀಟರ್ ಎತ್ತರದ ಒಂಟಿ ಬಂಡೆಗುಡ್ಡ, ಮೇಲೆ ಪಾರ್ಶ್ವನಾಥ ಬಸದಿ, ತುದಿಯವರೆಗೂ ಡಾಂಬರು. ಹತ್ತುವಾಗ ಕಾಲಿಗೆ ಪರೀಕ್ಷೆ, ಇಳಿಯುವಾಗ ಬ್ರೇಕಿಗೆ. ಒಂದೇ ಸಮ ಬ್ರೇಕ್ ಒತ್ತಿ ಹಿಡಿದರೆ ಡಿಸ್ಕ್ ಕಾದು ಹಿಡಿತ ಸಡಿಲವಾಗುತ್ತದೆ. ಒತ್ತಿ ಬಿಡಿ, ಒತ್ತಿ ಬಿಡಿ, ನಡುವೆ ಒಮ್ಮೆ ನಿಂತು ಆರಿಸಿ. ಕಾದ ಡಿಸ್ಕ್ ಮುಟ್ಟಿ ನೋಡುವ ಕುತೂಹಲ ಬೇಡ.

ಮೂರನೆಯದು ಶರಾವತಿ ಹಿನ್ನೀರಿನಾಚೆಯ ಕರೂರು ಹೋಬಳಿ. 1964ರಲ್ಲಿ ಲಿಂಗನಮಕ್ಕಿ ಜಲಾಶಯ ತುಂಬಿದಮೇಲೆ ಸಾಗರದ ಪೇಟೆಯಿಂದ ಕಡಿದುಹೋಗಿದ್ದ ಸೀಮೆ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಗುವವರೆಗೆ ಸೈಕಲ್ ಅನ್ನು ಲಾಂಚಿನಲ್ಲಿ ದಾಟಿಸುತ್ತಿದ್ದೆವು. ಈಗ ತುಳಿದುಕೊಂಡೇ ದಾಟಬಹುದು, ಗಾಳಿ ಮಾತ್ರ ಪಕ್ಕದಿಂದ ಜೋರು. ತುಮರಿ, ಬ್ಯಾಕೋಡಿನ ಸುತ್ತ ಮನೆಮನೆಗೆ ಒಡೆದುಹೋಗುವ ಕೆಮ್ಮಣ್ಣಿನ ರಸ್ತೆಗಳು ಸವಾರಿಗೆ ಹಬ್ಬ. ಅಭಯಾರಣ್ಯದ ಗಡಿ ಹತ್ತಿರವೇ ಇರುವುದರಿಂದ ಎಲ್ಲಿಯವರೆಗೆ ಹೋಗಬಹುದು ಎನ್ನುವುದನ್ನು ತುಮರಿಯಲ್ಲೇ ಕೇಳಿಕೊಳ್ಳಿ. ಸಿಗಂದೂರಿಗೆ ಜನ ಬರುವ ಮಂಗಳವಾರ, ಶುಕ್ರವಾರ, ಭಾನುವಾರ ಬೇಡ.

ಹಂತ 8: ಮನೆಗೆ ಬಂದಮೇಲೆ

ಸೈಕಲ್ ಅನ್ನು ಹಳ್ಳದಲ್ಲಿ ಸೋಪು ಹಾಕಿ ತೊಳೆಯಬೇಡಿ, ಕೆಳಗೆ ಅದೇ ನೀರು ಕುಡಿಯುವವರಿದ್ದಾರೆ. ಮಣ್ಣು ಒಣಗಲಿ, ಬ್ರಷ್‌ನಿಂದ ಉದುರಿಸಿ, ಚೈನ್ ಒರೆಸಿ ಒಂದೊಂದು ಕೊಂಡಿಗೆ ಒಂದೊಂದು ಹನಿ ಎಣ್ಣೆ. ಅಡುಗೆಯ ಕೊಬ್ಬರಿ ಎಣ್ಣೆ ಹಾಕಿದರೆ ಕೆಮ್ಮಣ್ಣಿನ ದೂಳು ಅಂಟಿ ಚೈನು ಅರೆಯುವ ಕಲ್ಲಾಗುತ್ತದೆ.

ಬಟ್ಟೆ ಮನೆಯೊಳಗೆ ತರಬೇಡಿ, ಅಂಗಳದಲ್ಲೇ ಬಿಸಿನೀರಿನ ಬಕೆಟ್ಟಿಗೆ. ಆಮೇಲೆ ಬಚ್ಚಲ ಹಂಡೆಯ ನೀರು ತಡೆಯುವಷ್ಟು ಬಿಸಿ ಮಾಡಿ ತಿಕ್ಕಿ ಮೀಯಿರಿ. ಮಂಡಿಯ ಹಿಂದೆ, ಸೊಂಟದ ಪಟ್ಟಿಯ ಜಾಗ, ಕಂಕುಳು, ಕಿವಿಯ ಹಿಂಭಾಗ ಬೆರಳಾಡಿಸಿ ಉಣುಗು ಹುಡುಕಿ. ಸಿಕ್ಕರೆ ಹೊಸಕಬೇಡಿ, ಚಿಮಟಿಗೆಯಲ್ಲಿ ಚರ್ಮಕ್ಕೆ ತಾಗಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಹೋಗಿಬಂದ ದಿನವನ್ನು ಕ್ಯಾಲೆಂಡರಿನಲ್ಲಿ ಗೀಚಿಡಿ. ಜ್ವರ ಸಾಮಾನ್ಯವಾಗಿ ಕಚ್ಚಿದ 3ರಿಂದ 8 ದಿನಗಳಲ್ಲಿ ಬರುತ್ತದೆ. ಅಷ್ಟರೊಳಗೆ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ಹಿಂಡುವ ನೋವು ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ, ಯಾವ ಊರಿನ ಕಾಡಿಗೆ ಯಾವತ್ತು ಹೋಗಿದ್ದಿರಿ ಎಂದು ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳಿ.